ನಾಲ್ಕು ಗಂಟೆಗೊಂದು ಮಾತ್ರೆ

2022ರ ಮೇ ತಿಂಗಳಲ್ಲಿ ಬೆಂಗಳೂರಿನ ದೊಡ್ಡ ಖಾಸಗಿ ಆಸ್ಪತ್ರೆಯೊಂದರಲ್ಲಿ ಅಪ್ಪನ ಸ್ಕ್ಯಾನ್ ವರದಿಯನ್ನು ನೋಡಿದ ವೈದ್ಯರು ನನ್ನನ್ನೂ ತಮ್ಮನನ್ನೂ ಪಕ್ಕಕ್ಕೆ ಕರೆದು, “ಇನ್ನು ನಾವು ಮಾಡುವಂಥದ್ದು ಏನೂ ಉಳಿದಿಲ್ಲ, ಮನೆಗೆ ಕರೆದುಕೊಂಡು ಹೋಗಿ ಚೆನ್ನಾಗಿ ನೋಡಿಕೊಳ್ಳಿ” ಎಂದರು. ಚೆನ್ನಾಗಿ ನೋಡಿಕೊಳ್ಳುವುದು ಎಂದರೆ ಏನು, ಯಾವ ಮಾತ್ರೆಯನ್ನು ಎಷ್ಟು ಹೊತ್ತಿಗೆ ಕೊಡಬೇಕು, ಹುಣ್ಣನ್ನು ತೊಳೆಯುವುದು ಹೇಗೆ, ರಾತ್ರಿ ನೋವು ಹೆಚ್ಚಾದರೆ ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಅವರೂ ಹೇಳಲಿಲ್ಲ, ಕೇಳಬೇಕೆಂದು ನಮಗೂ ತೋಚಲಿಲ್ಲ. ಹೊರಗಿನ ಬೆಂಚಿನ ಮೇಲೆ ಅಮ್ಮನ ಪಕ್ಕದಲ್ಲಿ ಕುಳಿತಿದ್ದ ಅಪ್ಪನಿಗೆ ನಾನು, “ಔಷಧಿ ಬದಲಾಯಿಸಿದ್ದಾರೆ, ಮನೆಯಲ್ಲೇ ತಗೊಳ್ಳಬಹುದಂತೆ” ಎಂದು ಸುಳ್ಳು ಹೇಳಿದೆ. ಅಲ್ಲಿಂದ, ಗುಣವಾಗದ ರೋಗಿಗಳ ನೋವು ತಗ್ಗಿಸಿ ಆರೈಕೆ ಮಾಡುವ ಹಾಸ್ಪೈಸಿನ ಬಾಗಿಲನ್ನು ತಲುಪಲು ನಮಗೆ 41 ದಿನ ಹಿಡಿಯಿತು. ನಾನು ಇದನ್ನು ಬರೆಯುತ್ತಿರುವುದು ಆ 41 ದಿನಗಳ ಕಾರಣಕ್ಕಾಗಿ.

ಅಪ್ಪ ತಿಪಟೂರಿಗೆ ಹತ್ತಿರದ ಹಳ್ಳಿಯಲ್ಲಿ ತೆಂಗಿನ ತೋಟ ಮಾಡಿಕೊಂಡಿದ್ದವರು. ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಹಾಕಿಕೊಳ್ಳುವ ಅಭ್ಯಾಸ ಅವರಿಗೆ ಹದಿನೆಂಟನೆಯ ವಯಸ್ಸಿನಿಂದಲೂ ಇತ್ತು. ಎಡಗೆನ್ನೆಯ ಒಳಗಿನ ಹುಣ್ಣು ಕ್ಯಾನ್ಸರ್ ಎಂದು ತಿಳಿದು, ಶಸ್ತ್ರಚಿಕಿತ್ಸೆಯೂ ವಿಕಿರಣ ಚಿಕಿತ್ಸೆಯೂ ಮುಗಿದು, ಒಂದು ವರ್ಷ ಚೆನ್ನಾಗಿಯೇ ಇದ್ದ ಮೇಲೆ ಅದು ಮರಳಿ ಬಂದಿತ್ತು. ಮೇ ಹೊತ್ತಿಗೆ ದವಡೆ ಬಿಗಿದು ಬಾಯಿ ಒಂದು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ಮೂಗಿನಿಂದ ಇಳಿಬಿಟ್ಟ ನಳಿಕೆಯ ಮೂಲಕ ರಾಗಿ ಅಂಬಲಿ, ಹಾಲು, ಬೇಳೆಕಟ್ಟು ಕೊಡುತ್ತಿದ್ದೆವು. ಮಾತು ಗೊಣಗಿದಂತೆ ಕೇಳುತ್ತಿದ್ದುದರಿಂದ ಅವರು ನನ್ನ ಮಗಳ ಸ್ಲೇಟನ್ನೂ ಬಳಪವನ್ನೂ ತೆಗೆದುಕೊಂಡಿದ್ದರು.

ಆ 41 ದಿನ ಅವರು ಬೆಂಗಳೂರಿನ ನಮ್ಮ ಬಾಡಿಗೆ ಮನೆಯಲ್ಲಿದ್ದರು. ನೋವಿಗೆ ಇದ್ದದ್ದು ಬೀದಿ ತುದಿಯ ಔಷಧಿ ಅಂಗಡಿಯ ಸಾಮಾನ್ಯ ಮಾತ್ರೆಗಳು ಮಾತ್ರ. ಅವನ್ನು ಪುಡಿ ಮಾಡಿ ನಳಿಕೆಯಲ್ಲಿ ಬಿಟ್ಟರೆ ಒಂದೂವರೆ ಗಂಟೆ ಸುಮ್ಮನಿರುತ್ತಿದ್ದರು, ಆಮೇಲೆ ಎದ್ದು ಗೋಡೆಗೆ ಹಣೆ ಒತ್ತಿಕೊಂಡು ನಿಲ್ಲುತ್ತಿದ್ದರು. ರಾತ್ರಿ ಎರಡು ಗಂಟೆಗೆ ನಡುಮನೆಗೆ ಬಂದರೆ ಕತ್ತಲಲ್ಲಿ ಹಾಗೆ ನಿಂತಿರುವ ಆಕೃತಿ ಕಾಣುತ್ತಿತ್ತು. ಬೆಳಿಗ್ಗೆ ನೋಡಿದರೆ ಸುಣ್ಣ ಬಳಿದ ಗೋಡೆಯ ಮೇಲೆ ಹಣೆಯ ಎಣ್ಣೆಯ ಗುರುತು ಇರುತ್ತಿತ್ತು. ಕೆನ್ನೆಯ ಹುಣ್ಣು ಹೊರಗೆ ಒಡೆದು ವಾಸನೆ ಹರಡಿದ ಮೇಲೆ ಅವರು ತಮ್ಮ ಚಾಪೆಯನ್ನು ತಾವೇ ಬಾಲ್ಕನಿಯ ಬಾಗಿಲ ಹತ್ತಿರಕ್ಕೆ ಎಳೆದುಕೊಂಡರು; ಮೊಮ್ಮಗಳು ಹತ್ತಿರ ಬಂದರೆ ಕೈಸನ್ನೆ ಮಾಡಿ ದೂರ ಕಳಿಸುತ್ತಿದ್ದರು.

ಇದೆಲ್ಲ ನಡೆಯುತ್ತಿರುವಾಗಲೇ, ನಮ್ಮ ಶಾಲೆಯ ಹಿರಿಯ ಶಿಕ್ಷಕಿಯೊಬ್ಬರು ಕರುಣಾಶ್ರಯದ ಹೆಸರು ಹೇಳಿದ್ದರು. ಬೆಂಗಳೂರು ಹಾಸ್ಪೈಸ್ ಟ್ರಸ್ಟ್ ನಡೆಸುವ, ಮಾರತ್ತಹಳ್ಳಿಯ ಆಚೆಗಿರುವ ಆ ಸಂಸ್ಥೆ, ಗುಣವಾಗುವ ಹಂತವನ್ನು ದಾಟಿದ ಕ್ಯಾನ್ಸರ್ ರೋಗಿಗಳನ್ನು ಹಣ ತೆಗೆದುಕೊಳ್ಳದೆ ನೋಡಿಕೊಳ್ಳುತ್ತದೆ; ಟ್ರಸ್ಟ್ ಆರಂಭವಾದದ್ದು 1994ರಲ್ಲಿ, ರೋಗಿಗಳನ್ನು ಒಳಗೆ ಇರಿಸಿಕೊಳ್ಳುವ ಕಟ್ಟಡ ತೆರೆದದ್ದು 1999ರಲ್ಲಿ. ಇಷ್ಟೆಲ್ಲ ತಿಳಿದ ಮೇಲೂ ನಾವು ಹೋಗಲಿಲ್ಲ. ಚಿಕ್ಕಪ್ಪ, “ಸಾಯೋಕೆ ಬಿಡೋ ಜಾಗಕ್ಕೆ ನಮ್ಮಣ್ಣನ್ನ ಕಳಿಸ್ತೀರಾ? ಊರಿನವರು ಏನಂತಾರೆ?” ಎಂದು ಫೋನಿನಲ್ಲಿ ಅತ್ತರು. ಅಮ್ಮ ಆಯುರ್ವೇದದ ಪುಡಿಯೊಂದನ್ನು ತರಿಸಿದ್ದಳು, ಅದು ಮುಗಿಯುವವರೆಗಾದರೂ ಕಾಯೋಣ ಎಂದಳು. ನನ್ನ ವಿಷಯ ಬೇರೆಯಾಗಿರಲಿಲ್ಲ. ಆ ಕಟ್ಟಡದೊಳಗೆ ಕಾಲಿಟ್ಟರೆ ಅಪ್ಪನಿಗೆ ಕಾಯಿಲೆಯ ಹೆಸರು ಗೊತ್ತಾಗಿಬಿಡುತ್ತದೆ ಎಂಬ ಹೆದರಿಕೆ ನನಗಿತ್ತು. ಅದನ್ನು ಪ್ರೀತಿ ಎಂದೇ ತಿಳಿದುಕೊಂಡಿದ್ದೆ.

ಕೊನೆಗೆ ನಿರ್ಧಾರವಾದದ್ದು ಅಪ್ಪನಿಂದಲೇ. ಜೂನ್ ಕೊನೆಯ ವಾರದ ಒಂದು ಬೆಳಗಿನ ಜಾವ ಸ್ಲೇಟನ್ನು ನನ್ನ ಮುಂದೆ ಹಿಡಿದರು: “ತೋಟದ ಮದ್ದು ತಂದುಕೊಡು.” ತೋಟದ ಮದ್ದು ಎಂದರೆ ಕೀಟನಾಶಕ. ನಾನು ಸ್ಲೇಟನ್ನು ಸೆರಗಿನಿಂದ ಒರೆಸಿ, ಅಮ್ಮನಿಗೂ ಹೇಳದೆ, ಹಾಸ್ಪೈಸಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಆಸ್ಪತ್ರೆಯ ಕಾಗದಗಳನ್ನು ಮತ್ತು ರೋಗಿಗೆ ಈಗ ಏನು ಕಷ್ಟ ಎಂಬುದನ್ನು. ಮರುದಿನವೇ ಹಾಸಿಗೆ ಸಿಕ್ಕಿತು.

ಒಳಗೆ ಹೋದಾಗ ಮೊದಲು ಕಂಡದ್ದು ಕಲ್ಲಿನ ಗೋಡೆಗಳ ನಡುವೆ ನಿಂತ ಕೊಳದ ನೀರು. ಆಸ್ಪತ್ರೆಯ ಗದ್ದಲಕ್ಕೆ ಒಗ್ಗಿದ್ದ ನಮಗೆ ಅಲ್ಲಿನ ಸದ್ದಿಲ್ಲದ ನಡೆ ವಿಚಿತ್ರವೆನಿಸಿತು. ವೈದ್ಯೆಯೊಬ್ಬರು ಕುರ್ಚಿ ಎಳೆದುಕೊಂಡು, ನಮ್ಮ ಕಡೆ ತಿರುಗದೆ, ನೇರವಾಗಿ ಅಪ್ಪನ ಮುಖ ನೋಡಿ, “ಅಪ್ಪಾಜಿ, ಎಷ್ಟು ನೋವಿದೆ? ಸೊನ್ನೆ ಅಂದ್ರೆ ಇಲ್ಲವೇ ಇಲ್ಲ, ಹತ್ತು ಅಂದ್ರೆ ತಡೆಯೋಕೇ ಆಗಲ್ಲ, ಬೆರಳಲ್ಲಿ ತೋರಿಸಿ” ಎಂದರು. ಅಪ್ಪ ಹತ್ತೂ ಬೆರಳುಗಳನ್ನು ಎತ್ತಿದರು. ಎಷ್ಟು ದಿನದಿಂದ ಎಂದು ಅವರು ಕೇಳಿದಾಗ ಉತ್ತರ ಕೊಡಬೇಕಾದವಳು ನಾನಾಗಿದ್ದೆ, ನನಗೆ ಬಾಯಿ ಬರಲಿಲ್ಲ.

ಅಂದು ಮಧ್ಯಾಹ್ನ 2 ಗಂಟೆಗೆ ಅಫೀಮಿನಿಂದ ತಯಾರಾಗುವ ನೋವಿನ ಮದ್ದಾದ ಮಾರ್ಫಿನ್‌ನ 5 ಮಿಲಿಗ್ರಾಂ ಮಾತ್ರೆಯನ್ನು ಪುಡಿ ಮಾಡಿ, ನೀರಿನಲ್ಲಿ ಕಲಸಿ ನಳಿಕೆಯಲ್ಲಿ ಕೊಟ್ಟರು. ಮಾರ್ಫಿನ್ ಎಂದೊಡನೆ ತಮ್ಮ ಗಾಬರಿಯಾಗಿ, ಚಟ ಹತ್ತುವುದಿಲ್ಲವೇ, ಉಸಿರು ನಿಂತುಹೋಗುವುದಿಲ್ಲವೇ ಎಂದು ಕೇಳಿದ. ವೈದ್ಯೆ ತಾಳ್ಮೆಯಿಂದ ವಿವರಿಸಿದರು: ನೋವಿಗೆ ತಕ್ಕಷ್ಟನ್ನು ಸಣ್ಣ ಪ್ರಮಾಣದಿಂದ ಆರಂಭಿಸಿ, ನೋಡಿಕೊಂಡು ಹೆಚ್ಚಿಸುತ್ತ ಹೋದರೆ ಇದು ಸುರಕ್ಷಿತ, ಮೊದಲ ಕೆಲವು ದಿನ ಮಂಪರು, ವಾಕರಿಕೆ ಇರಬಹುದು, ಮಲಬದ್ಧತೆ ಮಾತ್ರ ಖಂಡಿತ, ಆದ್ದರಿಂದ ಅದಕ್ಕೊಂದು ಮಾತ್ರೆ ಮೊದಲ ದಿನದಿಂದಲೇ. ಮುಖ್ಯವಾದ ಮಾತೆಂದರೆ, ನೋವು ಬಂದ ಮೇಲೆ ಕೊಡುವುದಲ್ಲ, ಅದು ಬರುವ ಮೊದಲೇ ಗಡಿಯಾರ ನೋಡಿ ಕೊಡಬೇಕು. ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ಮತ್ತೆ ರಾತ್ರಿ 10ಕ್ಕೆ ಎರಡರಷ್ಟು, ನಡುರಾತ್ರಿ ಎಬ್ಬಿಸುವ ಅಗತ್ಯ ಬಾರದಂತೆ. ಎರಡನೆಯ ದಿನ ಪ್ರಮಾಣ 10 ಮಿಲಿಗ್ರಾಂಗೆ ಏರಿತು. ಮೂರನೆಯ ಬೆಳಿಗ್ಗೆ ವೈದ್ಯೆ ಮತ್ತೆ ಕೇಳಿದಾಗ ಅಪ್ಪ ಎರಡು ಬೆರಳು ತೋರಿಸಿದರು. ಹಿಂದಿನ ರಾತ್ರಿ ಅವರು ಒಂದೇ ಸಮನೆ ಏಳು ಗಂಟೆ ನಿದ್ದೆ ಮಾಡಿದ್ದರು.

ಆ ಎರಡು ಬೆರಳುಗಳನ್ನು ನೋಡಿದಾಗ ನನಗೆ ಬಂದದ್ದು ಸಮಾಧಾನವಲ್ಲ, ಸಿಟ್ಟು. ಇಷ್ಟು ಚಿಕ್ಕ, ಇಷ್ಟು ಅಗ್ಗದ ಮಾತ್ರೆ ಇದೆ ಎಂಬುದನ್ನು 41 ದಿನ ಯಾರೂ ನಮಗೆ ಹೇಳಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕ್ಯಾನ್ಸರ್ ನೋವಿಗೆ ಸಾಮಾನ್ಯ ಮಾತ್ರೆಯಿಂದ ಮಾರ್ಫಿನ್‌ವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಕ್ರಮವನ್ನು ಹೇಳಿಕೊಟ್ಟದ್ದು 1986ರಲ್ಲಿ. ಅದಕ್ಕೂ ಒಂದು ವರ್ಷ ಮೊದಲು, 1985ರಲ್ಲಿ, ನಮ್ಮ ದೇಶದ ಮಾದಕ ವಸ್ತುಗಳ ಕಾಯ್ದೆ ಬಂದು, ಅದರ ಪರವಾನಗಿಗಳ ತೊಡಕಿಗೂ ಶಿಕ್ಷೆಯ ಭಯಕ್ಕೂ ಹೆದರಿದ ಆಸ್ಪತ್ರೆಗಳು, ಅಂಗಡಿಗಳು ಮಾರ್ಫಿನ್ ಇಡುವುದನ್ನೇ ಬಿಟ್ಟಿದ್ದವು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರದ ಪರವಾನಗಿಯಿಂದಲೇ ಅಫೀಮು ಬೆಳೆಯುವ ದೇಶವಿದು; ಆದರೂ ಇಲ್ಲಿಯ ರೋಗಿಗೆ ಅದರಿಂದ ತಯಾರಾಗುವ ನೋವಿನ ಮದ್ದು ಸಿಗುವುದು ಕಷ್ಟ. 2014ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ ನಿಯಮಗಳು ಸಡಿಲವಾದವು. ನಿಯಮ ಸಡಿಲವಾದರೂ ವೈದ್ಯರಲ್ಲಿಯೂ ನಮ್ಮಂಥವರ ಮನೆಗಳಲ್ಲಿಯೂ ಕುಳಿತ ಭಯ ಸಡಿಲವಾಗಿಲ್ಲ ಎಂಬುದನ್ನು ನಾನು ಕಣ್ಣಾರೆ ಕಂಡೆ.

ಹುಣ್ಣಿನ ವಾಸನೆಯ ವಿಚಾರವೂ ಹೀಗೆಯೇ. ದಾದಿಯೊಬ್ಬರು ಉಪ್ಪುನೀರಿನಿಂದ ಹುಣ್ಣನ್ನು ತೊಳೆದು, ಮೆಟ್ರೊನಿಡಜೋಲ್ ಮಾತ್ರೆಗಳನ್ನು ನುಣ್ಣಗೆ ಅರೆದು ಆ ಪುಡಿಯನ್ನು ಅದರ ಮೇಲೆ ಉದುರಿಸಿ ಹತ್ತಿಬಟ್ಟೆ ಮುಚ್ಚಿದರು. ಹೊಟ್ಟೆ ಕೆಟ್ಟಾಗ ಮನೆಮನೆಗಳಲ್ಲಿ ನುಂಗುವ ಮಾತ್ರೆ ಅದು. ಮೂರ್ನಾಲ್ಕು ದಿನಗಳಲ್ಲಿ ವಾಸನೆ ಹೆಚ್ಚುಕಡಿಮೆ ಹೋಗಿತ್ತು. ಆ ಭಾನುವಾರ ನನ್ನ ಮಗಳು ಹಾಸಿಗೆಯ ಮೇಲೆ ಹತ್ತಿ ಕುಳಿತು ತನ್ನ ಸ್ಲೇಟಿನಲ್ಲಿ ತಾತನೊಂದಿಗೆ ಚುಕ್ಕಿ ಆಟ ಆಡಿದಳು. ಅಪ್ಪ ಈ ಸಲ ಕೈಸನ್ನೆ ಮಾಡಿ ಅವಳನ್ನು ಕಳಿಸಲಿಲ್ಲ.

ಕಾಯಿಲೆಯ ಹೆಸರನ್ನು ಮುಚ್ಚಿಟ್ಟದ್ದು ಬಯಲಾದದ್ದು ನಾನು ಹೆದರಿದ ರೀತಿಯಲ್ಲಿ ಅಲ್ಲ. ಅಲ್ಲಿನ ಆಪ್ತ ಸಮಾಲೋಚಕಿ ಅಪ್ಪನ ಬಳಿ ದಿನವೂ ಅರ್ಧ ಗಂಟೆ ಕೂರುತ್ತಿದ್ದರು. ಅವರು ಏನನ್ನೂ ಹೇಳಲಿಲ್ಲ, “ನಿಮ್ಮ ಕಾಯಿಲೆಯ ಬಗ್ಗೆ ನಿಮಗೆ ಏನನ್ನಿಸುತ್ತೆ?” ಎಂದು ಮಾತ್ರ ಕೇಳಿದ್ದರು. ಅಪ್ಪ ಬರೆದ ಉತ್ತರವನ್ನು ಅವರ ಒಪ್ಪಿಗೆ ಪಡೆದು ನಮಗೆ ತೋರಿಸಿದರು: “ಕ್ಯಾನ್ಸರ್ ಅಂತ ಮೊದಲ ದಿನವೇ ಗೊತ್ತು. ಮಕ್ಕಳು ಕಷ್ಟಪಟ್ಟು ಮುಚ್ಚಿಡ್ತಾ ಇದಾರೆ, ಅವರಿಗೆ ಹೇಳಬೇಡಿ.” ಒಂದೂವರೆ ವರ್ಷದಿಂದ ನಾವು ಅವರನ್ನೂ ಅವರು ನಮ್ಮನ್ನೂ ಕಾಪಾಡುತ್ತ, ಒಂದೇ ಮನೆಯಲ್ಲಿ ಬೇರೆ ಬೇರೆಯಾಗಿ ಅತ್ತಿದ್ದೆವು. ಮರುದಿನ ಸಮಾಲೋಚಕಿ ನಮ್ಮೆಲ್ಲರನ್ನೂ ಹಾಸಿಗೆಯ ಸುತ್ತ ಕೂರಿಸಿದರು. ಅಮ್ಮ ಅಪ್ಪನ ಕೈ ಹಿಡಿದುಕೊಂಡು, “ಒಬ್ಬರೇ ನುಂಗ್ಕೊಂಡ್ರಲ್ಲ ಇಷ್ಟು ದಿನ” ಎಂದು ಅತ್ತಳು. ಆಮೇಲೆ ಅಪ್ಪ ಎರಡು ದಿನ ಬರೆದೇ ಬರೆದರು, ಸ್ಲೇಟು ಸಾಲದೆ ನೋಟುಪುಸ್ತಕದಲ್ಲಿ: ಸಹಕಾರ ಸಂಘದ ಸಾಲ ಎಷ್ಟು ಉಳಿದಿದೆ, ಕೊಬ್ಬರಿ ಮಂಡಿಯವರಿಂದ ಬರಬೇಕಾದ ಬಾಕಿ ಎಷ್ಟು, ಜಮೀನಿನ ಪತ್ರ ಯಾವ ಪೆಟ್ಟಿಗೆಯ ತಳದಲ್ಲಿದೆ, ಅಮ್ಮನ ಎರಡೆಳೆ ಸರ ಎಲ್ಲಿ ಅಡವಿದೆ. ಚಿಕ್ಕಪ್ಪನೊಂದಿಗೆ ಬದುವಿನ ವಿಷಯಕ್ಕೆ ಹದಿಮೂರು ವರ್ಷಗಳಿಂದ ಇದ್ದ ಮುನಿಸನ್ನು ಬಿಡುವುದಾಗಿಯೂ ಬರೆದಿದ್ದರು. ಆ ಹಾಳೆಯನ್ನು ಫೋಟೊ ತೆಗೆದು ಕಳಿಸಿದ ಮರುದಿನ ಚಿಕ್ಕಪ್ಪ ಬಸ್ಸು ಹತ್ತಿ ಬಂದರು.

ಆಧುನಿಕ ಹಾಸ್ಪೈಸ್ ಆರೈಕೆಗೆ ದಾರಿ ಹಾಕಿದ ಸಿಸಿಲಿ ಸಾಂಡರ್ಸ್ ಮೊದಲು ದಾದಿಯಾಗಿ, ಆಮೇಲೆ ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾಗಿ, ಕೊನೆಗೆ ವೈದ್ಯೆಯಾಗಿ, 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದವರು. ದೇಹದ ನೋವು, ಮನಸ್ಸಿನ ನೋವು, ಸಂಸಾರದ ಚಿಂತೆ, ಬದುಕಿನ ಅರ್ಥದ ಬಗೆಗಿನ ತಳಮಳ ಎಲ್ಲವೂ ಸೇರಿ ಒಂದೇ ನೋವು ಎಂದು ಅವರು ಹೇಳುತ್ತಿದ್ದರೆಂದು ಸಮಾಲೋಚಕಿಯಿಂದ ತಿಳಿಯಿತು. ನೋಟುಪುಸ್ತಕ ತುಂಬಿದ ಮೇಲೆ ಅಪ್ಪ ಮಾರ್ಫಿನ್ ಹೆಚ್ಚಿಸಿ ಎಂದು ಕೇಳಲೇ ಇಲ್ಲ ಎಂಬುದನ್ನು ಕಂಡಿದ್ದರಿಂದ ಆ ಮಾತು ನನಗೆ ಕೂಡಲೇ ಅರ್ಥವಾಯಿತು.

ಚಿಕ್ಕಪ್ಪ ಬರುವಾಗ ಅಟ್ಟದ ಮೇಲಿಂದ ನಾಲ್ಕು ತೆಂಗಿನಕಾಯಿ ತಂದಿದ್ದರು. ನಮ್ಮ ಕಡೆ ಬಲಿತ ಕಾಯಿಗಳನ್ನು ಸಿಪ್ಪೆಯ ಸಮೇತ ತಿಂಗಳುಗಟ್ಟಲೆ ಅಟ್ಟದ ಮೇಲೆ ಹಾಕಿರುತ್ತೇವೆ. ಒಳಗಿನ ನೀರು ಬತ್ತಿ, ತಿರುಳು ಒಣಗಿ ಚಿಪ್ಪಿನಿಂದ ಬಿಟ್ಟುಕೊಂಡಾಗ ಅದು ಉಂಡೆ ಕೊಬ್ಬರಿ. ಅಪ್ಪ ದಿಂಬಿಗೆ ಒರಗಿ ಕುಳಿತು, ಒಂದೊಂದೇ ಕಾಯನ್ನು ಬಲಗಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಎರಡು ಸಲ ಅಲ್ಲಾಡಿಸಿದರು. ಮೂರು ಕಾಯಿಗಳನ್ನು ಮಡಿಲಿಗೆ ಹಾಕಿಕೊಂಡರು. ನಾಲ್ಕನೆಯದನ್ನು ಅಲ್ಲಾಡಿಸಿ, ತಲೆ ಆಡಿಸಿ, ಸ್ಲೇಟಿನಲ್ಲಿ ಬರೆದರು: “ಇದರಲ್ಲಿ ಇನ್ನೂ ನೀರಿದೆ. ದೀಪಾವಳಿ ಕಳೆಯಲಿ.” ಪಕ್ಕದ ಹಾಸಿಗೆಯ ಮುದುಕರು ತಮಗೂ ಒಂದು ಕೊಡುವಂತೆ ಕೈಚಾಚಿದರು. ಆ ಮಧ್ಯಾಹ್ನ ವಾರ್ಡಿನ ಮೂವರು ರೋಗಿಗಳು ತೆಂಗಿನಕಾಯಿಗಳನ್ನು ಕಿವಿಗಿಟ್ಟುಕೊಂಡು ಕುಳಿತಿದ್ದುದು ನನ್ನ ಕಣ್ಣಮುಂದೆ ಇವತ್ತಿಗೂ ಇದೆ.

ಅಂದೇ ಅವರು ಊರಿಗೆ ಹೋಗಬೇಕೆಂದು ಕೇಳಿದರು. ಮನೆಗೆ ಹೋಗಬೇಕೆಂದರೆ ಹಾಸ್ಪೈಸಿನವರು ತಡೆಯುತ್ತಾರೆಂದು ಭಾವಿಸಿದ್ದ ನಮಗೆ, ಅವರು ಮರುದಿನದಿಂದಲೇ ತರಬೇತಿ ಆರಂಭಿಸಿದ್ದು ಆಶ್ಚರ್ಯ ತಂದಿತು. ನಳಿಕೆಯಲ್ಲಿ ಆಹಾರ ಬಿಡುವ ಮೊದಲೂ ಆಮೇಲೂ ನೀರು ಬಿಡಬೇಕು, ಕೊಟ್ಟ ಮೇಲೆ ಅರ್ಧ ಗಂಟೆಯಾದರೂ ಒರಗಿಸಿ ಕೂರಿಸಬೇಕು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು, ಬದಲಾಯಿಸುವಾಗ ಎಳೆಯಬಾರದು, ಕೆಳಗಿನ ಬಟ್ಟೆಯನ್ನು ಇಬ್ಬರು ಹಿಡಿದು ಎತ್ತಬೇಕು. ಸೊಂಟ, ಹಿಮ್ಮಡಿ, ಭುಜಗಳಲ್ಲಿ ಕೆಂಪಾಗಿದೆಯೇ ಎಂದು ದಿನವೂ ನೋಡಬೇಕು. ಅಮ್ಮ, ತಮ್ಮ, ನಾನು ಒಬ್ಬೊಬ್ಬರಾಗಿ ಅವರ ಎದುರಿಗೇ ಎಲ್ಲವನ್ನೂ ಮಾಡಿ ತೋರಿಸಿದೆವು. ಓದು ಬಾರದ ಅಮ್ಮನಿಗೆ ದಾದಿ ಸೂರ್ಯ, ಚಂದ್ರರ ಚಿತ್ರ ಬರೆದು ಮಾತ್ರೆಯ ಹೊತ್ತುಗಳನ್ನು ಗುರುತಿಸಿಕೊಟ್ಟರು. ಎರಡು ವಾರಕ್ಕಾಗುವಷ್ಟು ಮಾರ್ಫಿನ್, ಚೀಟಿ, ಕಾಯಿಲೆಯ ಪೂರ್ತಿ ವಿವರದ ಕಾಗದ, ರಾತ್ರಿ ಹಗಲೆನ್ನದೆ ಮಾಡಬಹುದಾದ ಫೋನ್ ಸಂಖ್ಯೆ ಕೊಟ್ಟರು. ಮನೆಯಲ್ಲಿಯೇ ಸಾವು ಸಂಭವಿಸಿದರೆ ಪ್ರಮಾಣಪತ್ರ ಬರೆದುಕೊಡುವ ಸ್ಥಳೀಯ ವೈದ್ಯರೊಬ್ಬರನ್ನು ಮೊದಲೇ ಕಂಡು ಈ ಕಾಗದ ತೋರಿಸಿಡಿ ಎಂದೂ ಹೇಳಿದರು. ಇಂಥ ಮಾತನ್ನು ಇಷ್ಟು ನೇರವಾಗಿ, ಇಷ್ಟು ಮೃದುವಾಗಿ ಹೇಳಬಹುದೆಂದು ನನಗೆ ಗೊತ್ತಿರಲಿಲ್ಲ.

ಊರಿನಲ್ಲಿ ಕಳೆದ ಹದಿನೇಳು ದಿನಗಳಲ್ಲಿ ನನಗೆ ಪದೇ ಪದೇ ಕೇರಳ ನೆನಪಾಗುತ್ತಿತ್ತು. ಅಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಗೆಳೆಯರು 1993ರಲ್ಲಿ ಕೋಳಿಕ್ಕೋಡಿನಲ್ಲಿ ಆರಂಭಿಸಿದ ಕೆಲಸ ಬೆಳೆದು, ಊರಿನ ಸ್ವಯಂಸೇವಕರೇ ತರಬೇತಿ ಪಡೆದು ಹಾಸಿಗೆ ಹಿಡಿದವರ ಮನೆಗಳಿಗೆ ಹೋಗುವ ವ್ಯವಸ್ಥೆಯಾಯಿತು; 2008ರಲ್ಲಿ ಆ ರಾಜ್ಯ ಇದಕ್ಕೆಂದೇ ಒಂದು ನೀತಿಯನ್ನು ರೂಪಿಸಿತು. ನಮಗೆ ಮಾರ್ಫಿನ್ ಮುಗಿಯುತ್ತ ಬಂದಾಗ ತಮ್ಮ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ಸಂಜೆಗೆ ಹಿಂತಿರುಗಿದ. ಅಂಥ ತಮ್ಮನಿಲ್ಲದ ಮನೆಗಳು ನಮ್ಮ ತಾಲ್ಲೂಕಿನಲ್ಲಿ ಎಷ್ಟಿರಬಹುದು ಎಂದು ನಾನು ಯೋಚಿಸಿದ್ದೇನೆ.

ಕೊನೆಯ ವಾರ ಅಪ್ಪನಿಗೆ ಅಂಬಲಿ ಇಳಿಯಲಿಲ್ಲ, ಬಿಟ್ಟದ್ದೆಲ್ಲ ವಾಂತಿಯಾಗುತ್ತಿತ್ತು. “ಹಸ್ಕೊಂಡು ಕಳಿಸ್ಬೇಕೇನೆ ಇವರ್ನ?” ಎಂದು ಅಮ್ಮ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಗ್ಲೂಕೋಸ್ ಹಾಕಿಸಿ ಎಂದು ನೆಂಟರು ಒತ್ತಾಯಿಸಿದರು, ತುಮಕೂರಿಗೆ ಕರೆದೊಯ್ದು ಐಸಿಯುಗೆ ಸೇರಿಸಿ ಎಂದವರೂ ಇದ್ದರು. ಫೋನ್ ಮಾಡಿದಾಗ ಹಾಸ್ಪೈಸಿನ ದಾದಿ ಅಮ್ಮನ ಜೊತೆಯೇ ಮಾತನಾಡಿದರು: ದೇಹ ಮುಚ್ಚಿಕೊಳ್ಳುತ್ತಿರುವಾಗ ಅದಕ್ಕೆ ಹಸಿವೆಯಿರುವುದಿಲ್ಲ, ಒತ್ತಾಯದಿಂದ ಕೊಟ್ಟ ನೀರು ಶ್ವಾಸಕೋಶದಲ್ಲಿ ತುಂಬಿ ಅವರಿಗೇ ಕಷ್ಟ; ಬಾಯಿ ಒಣಗದಂತೆ ನೋಡಿಕೊಳ್ಳಿ, ಅದೇ ಈಗ ನೀವು ಉಣಿಸುವ ಊಟ. ಅಂದಿನಿಂದ ಅಮ್ಮ ಎಳನೀರಿನಲ್ಲಿ ಹತ್ತಿಯನ್ನು ಅದ್ದಿ ಅಪ್ಪನ ತುಟಿಗಳನ್ನು ಒರೆಸುವುದನ್ನು ತನ್ನ ಕೆಲಸವಾಗಿ ಇಟ್ಟುಕೊಂಡಳು. ಬೇರೆ ಯಾರಿಗೂ ಆ ಲೋಟವನ್ನು ಮುಟ್ಟಗೊಡಲಿಲ್ಲ.

ಕೊನೆಯ ರಾತ್ರಿ ಎರಡೂವರೆಗೆ ಉಸಿರಿನೊಂದಿಗೆ ಗೊರಗೊರ ಸದ್ದು ಶುರುವಾಯಿತು. ನಾನು ನಡುಗುತ್ತ ಫೋನ್ ಮಾಡಿದೆ. ಆ ಕಡೆಯಿಂದ ದಾದಿ, “ಒಂದು ಮಗ್ಗುಲಿಗೆ ತಿರುಗಿಸಿ, ಗಂಟಲಲ್ಲಿ ನಿಂತ ಜೊಲ್ಲಿನ ಸದ್ದು ಅದು, ಕೇಳುವವರಿಗೆ ಕಷ್ಟ, ಅವರಿಗೆ ಅಲ್ಲ. ಹಣೆ ಗಂಟಿಕ್ಕಿದ್ದಾರಾ ನೋಡಿ” ಎಂದರು. ನೋಡಿದೆ. ಗೋಡೆಗೆ ಒತ್ತಿಕೊಳ್ಳುತ್ತಿದ್ದ ಆ ಹಣೆ ನುಣ್ಣಗಿತ್ತು. ಉಸಿರು ನಿಂತು, ಮತ್ತೆ ಬಂದು, ಮತ್ತೆ ನಿಲ್ಲುತ್ತ ಐದೂಕಾಲರವರೆಗೆ ಹೋಯಿತು. ಅಮ್ಮ ಕೊನೆಯ ಸಲ ಎಳನೀರು ಒರೆಸಿದ ಮೇಲೆ ಅದು ತಿರುಗಿ ಬರಲಿಲ್ಲ. ಮೊದಲೇ ಮಾತನಾಡಿಟ್ಟಿದ್ದ ವೈದ್ಯರು ಏಳು ಗಂಟೆಗೆ ಬಂದು ಕಾಗದ ಬರೆದುಕೊಟ್ಟರು.

ಹದಿಮೂರನೆಯ ದಿನದ ಕಾರ್ಯ ಮುಗಿದ ಮೇಲೆ ಉಳಿದ ಮಾರ್ಫಿನ್ ಹಿಂತಿರುಗಿಸಲು ನಾನು ಅಮ್ಮನ ಜೊತೆ ಹಾಸ್ಪೈಸಿಗೆ ಹೋದೆ. ದಾದಿ ಮಾತ್ರೆಗಳನ್ನು ಮೇಜಿನ ಮೇಲೆ ಬಿಡಿಸಿ ಎಣಿಸಿದರು, ಇನ್ನೊಬ್ಬರು ಮತ್ತೊಮ್ಮೆ ಎಣಿಸಿದರು: 61. ಪುಸ್ತಕದಲ್ಲಿ ಬರೆದು, ನನ್ನ ಸಹಿ ಪಡೆದು, ಪುಸ್ತಕ ಮುಚ್ಚಿಟ್ಟು, ಅಮ್ಮನ ಕಡೆ ತಿರುಗಿ, “ಅಮ್ಮಾ, ರಾತ್ರಿ ನಿದ್ದೆ ಬರ್ತಾ ಇದೆಯಾ?” ಎಂದು ಕೇಳಿದರು. ಹತ್ತು ಗಂಟೆಗೆ ಮಾತ್ರೆ ಕೊಡಬೇಕಿತ್ತಲ್ಲ ಎಂದು ಎಚ್ಚರವಾಗಿಬಿಡುತ್ತದೆ ಎಂದಳು ಅಮ್ಮ. ಅವರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.